ತಂಗಡಿ ಗೆದ್ದಿತು ಅಂದುಕೊಂಡೆವು: ಪಿವಿಸಿ ಟೀಯಲ್ಲಿ ಕಟ್ಟಿದ ಒಂದು ಮಬ್ಬು ಮಾಪಕ

ನನ್ನದು ಕಲಬುರಗಿಯಲ್ಲಿ ಒಂದು ಸಣ್ಣ ರಿಪೇರಿ ಅಂಗಡಿ. ಮಿಕ್ಸಿ, ಫ್ಯಾನು, ಇನ್ವರ್ಟರ್ ಎಲ್ಲ ಬರುತ್ತವೆ. ಬೇಸಿಗೆ ಹತ್ತಿತು ಅಂದರೆ ಬರೀ ಕೂಲರ್. ಮಾರ್ಚ್ ಕೊನೆಯಲ್ಲಿ, ಬಾಗಿಲ ತನಕ ಕೂಲರ್ ಮೋಟಾರುಗಳು ಬಿದ್ದಿದ್ದಾಗ, ಅಣ್ಣನ ಮಗಳು ಬಂದು ಸ್ಟೂಲಿನ ಮೇಲೆ ಕೂತಳು. ಬಿ ಫಾರ್ಮಸಿ ಕೊನೆಯ ವರ್ಷ ಓದುತ್ತಾಳೆ. ಮುಖ ಸಣ್ಣದಾಗಿತ್ತು.

"ಕಾಕಾ, ಕಾಲೇಜಿನ ಮಷಿನ್ ಕೆಟ್ಟು ಕುಂತದ. ಪ್ರಾಜೆಕ್ಟ್ ಹ್ಯಾಂಗ ಮಾಡ್ಲಿ?"

ಮಷಿನ್ ಅಂದರೆ ಸ್ಪೆಕ್ಟ್ರೋಫೋಟೋಮೀಟರ್. ದ್ರವದ ಮೂಲಕ ಒಂದು ಬಣ್ಣದ ಬೆಳಕು ಬಿಟ್ಟು, ಆ ಕಡೆಗೆ ಎಷ್ಟು ದಾಟಿತು ಎಂದು ಅಳೆಯುವ ಪೆಟ್ಟಿಗೆ. ಅದರ ಲ್ಯಾಂಪ್ ಹೋಗಿತ್ತು, ಹೊಸದು ಯಾವಾಗ ಬರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಇವಳ ಪ್ರಾಜೆಕ್ಟ್ ಇಷ್ಟು: ಒಣ ಸೀಮೆಯ ಕಾಡು ಗಿಡಗಳಲ್ಲಿ ಬಾವು ಇಳಿಸುವ ಗುಣ ಇದೆಯೇ ಎಂದು ನೋಡುವುದು.

"ಎಷ್ಟು ಬಣ್ಣದ ಬೆಳಕು ಬೇಕು?" ಎಂದೆ.

"ಒಂದೇ. 660 ನ್ಯಾನೋಮೀಟರ್, ಅಂದ್ರ ಗಾಢ ಕೆಂಪು."

ಒಂದೇ ಬಣ್ಣ ಸಾಕು ಅಂದಮೇಲೆ ಅಷ್ಟು ದೊಡ್ಡ ಮಷಿನ್ ಯಾಕೆ, ಒಂದು ಕೆಂಪು ಎಲ್‌ಇಡಿ ಸಾಕಲ್ವಾ ಎಂದು ನಾನು ಸುಮ್ನೆ ಬಾಯಿಬಿಟ್ಟೆ. ಕೂಲರ್ ಸೀಸನ್ನಿನ ಅರ್ಧ ಅದರಲ್ಲೇ ಹೋಯಿತು.

ಮೊದಲು ಪರೀಕ್ಷೆ ಏನು ಅಂತ ಅವಳ ಬಾಯಿಂದ ತಿಳಿದುಕೊಂಡೆ. ಏನು ಅಳೆಯಬೇಕು ಅಂತ ಗೊತ್ತಾಗದೆ ಮೀಟರ್ ಕೈಗೆತ್ತಿಕೊಳ್ಳಬಾರದು. ಮೊಟ್ಟೆಯ ಬಿಳಿ ಲೋಳೆಯಲ್ಲಿ ಸುಮಾರು ಹತ್ತನೇ ಒಂದು ಪಾಲು ಪ್ರೋಟೀನು. ಅದನ್ನು ನೀರಿಗೆ ಬೆರೆಸಿ ಬಿಸಿ ಮಾಡಿದರೆ ಪ್ರೋಟೀನಿನ ಮಡಿಕೆ ಬಿಚ್ಚಿಕೊಂಡು, ಒಂದಕ್ಕೊಂದು ಅಂಟಿಕೊಂಡು, ನೀರು ಹಾಲಿನಂತೆ ಮಬ್ಬಾಗುತ್ತದೆ. ಬಾವು ಇಳಿಸುವ ಕೆಲವು ಔಷಧಿಗಳು ಸೇರಿದ್ದರೆ ಆ ಮಬ್ಬು ಕಡಿಮೆ. 1968ರಲ್ಲಿ ಮಿಜುಶಿಮಾ ಮತ್ತು ಕೊಬಯಾಶಿ ಎಂಬ ಜಪಾನಿನ ಸಂಶೋಧಕರು ಈ ದಾರಿ ತೋರಿಸಿದರು. ಪ್ರಾಣಿ ಬೇಡ, ರಕ್ತ ಬೇಡ, ಒಂದು ಮೊಟ್ಟೆ ಸಾಕು. ಅದಕ್ಕೇ ಕಾಲೇಜುಗಳಲ್ಲಿ ಇದು ಇಷ್ಟು ಓಡಾಡುತ್ತದೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಇದು ಬರೀ ಜರಡಿ. ಮೈಯಲ್ಲಿ ಬಾವು ಬರುವುದು ಮೊಟ್ಟೆ ಬೇಯುವ ಹಾಗಲ್ಲ. ಆಸ್ಪಿರಿನ್ ಜಾತಿಯ ಗುಳಿಗೆಗಳು ದೇಹ ಪ್ರೋಸ್ಟಗ್ಲಾಂಡಿನ್ ಎಂಬ ವಸ್ತು ತಯಾರಿಸುವುದನ್ನು ತಡೆಯುತ್ತವೆ. ಅದನ್ನು 1971ರಲ್ಲಿ ಜಾನ್ ವೇನ್ ತೋರಿಸಿದ, 1982ರಲ್ಲಿ ಅವನಿಗೆ ನೊಬೆಲ್ ಬಂತು. ಅದೇ ವಸ್ತು ಹೊಟ್ಟೆಯ ಒಳಪದರವನ್ನೂ ಕಾಯುತ್ತದೆ. ಮೊಣಕಾಲಿನ ಗುಳಿಗೆ ನುಂಗಿದ ದಿನ ನಮ್ಮವ್ವ ಎದೆ ಉರಿ ಅನ್ನುವುದು ಅದಕ್ಕೇ. ಜರಡಿಯಲ್ಲಿ ನಿಂತ ಗಿಡ ಔಷಧಿಯೇನಲ್ಲ, ಮುಂದೆ ನೋಡಬೇಕಾದ ಗಿಡ ಅಷ್ಟೆ.

ಗಿಡಗಳ ಪಟ್ಟಿಯನ್ನು ಅವಳೇ ತಂದಿದ್ದಳು. ಮೇಲೆ ದೊಡ್ಡ ಅಕ್ಷರದಲ್ಲಿ 'ಮರುಭೂಮಿ ಸಸ್ಯಗಳು'. ನಕ್ಕುಬಿಟ್ಟೆ. ನಮ್ಮದು ಮರುಭೂಮಿ ಅಲ್ಲ, ತೊಗರಿ ಬೆಳೆಯುವ ಎರೆ ಭೂಮಿ. ಆದರೆ ಶಹಾಬಾದ್ ಕಡೆಗೆ ಹೋದರೆ ಪರ್ಸಿ ಕಲ್ಲು ತೆಗೆದ ಹಳೇ ಖಣಿಗಳಿವೆ. ಚಪ್ಪಡಿ ಚೂರುಗಳ ರಾಶಿ, ಮೇಲೆ ಬಿಸಿಲು, ಮಣ್ಣು ನಾಲ್ಕು ಬೆರಳೂ ಇಲ್ಲ. ಅಲ್ಲಿ ಬದುಕುವ ಗಿಡಕ್ಕೆ ಮರುಭೂಮಿಯೂ ಒಂದೇ, ಇದೂ ಒಂದೇ. ಬಾವಿನ ಮಾತಿಗೆ ನಿಜವಾದ ಮರುಭೂಮಿಯ ಗಿಡ ಅಂದರೆ ಗುಗ್ಗುಳ. ಅದು ರಾಜಸ್ಥಾನ, ಗುಜರಾತ್ ಕಡೆಯದು. ಅಂಟಿಗಾಗಿ ಕೆತ್ತಿ ಕೆತ್ತಿ ಈಗ ಅದರ ಕುಲವೇ ಅಳಿಯುವ ಹಂತಕ್ಕೆ ಬಂದಿದೆ. ನಾವು ಬೇರು, ತೊಗಟೆ ಮುಟ್ಟದೆ ಎಲೆ ಮಾತ್ರ ತರೋಣ ಎಂದು ಮೊದಲೇ ಗೊತ್ತು ಮಾಡಿಕೊಂಡೆವು.

ಒಂದು ಭಾನುವಾರ ಬೈಕ್ ಮೇಲೆ ಹೋದೆವು. ಖಣಿಯ ಮಗ್ಗುಲಲ್ಲಿ ತಂಗಡಿ ಸಿಕ್ಕಿತು. ದಕ್ಷಿಣದವರು ಆವರಿಕೆ ಅನ್ನುವುದು ಇದಕ್ಕೇ, ಹಳದಿ ಹೂವಿನ ಗಿಡ. ಕಾಲಿಗೆ ಚುಚ್ಚಿ ತಾನೇ ಸಿಕ್ಕಿದ್ದು ನೆಗ್ಗಿಲು. ಕಾಗಿಣಾ ಹೊಳೆಯ ದಂಡೆಯಲ್ಲಿ ಲಕ್ಕಿ. ಲಕ್ಕಿಗೆ ನೀರಿನ ಸುಳಿವು ಬೇಕು, ಬರಡಿನ ಗಿಡ ಅನ್ನಲಾಗದು. ಆದರೆ ಅವ್ವ ಅದನ್ನು ಬಿಟ್ಟು ಮನೆಗೆ ಬಂದರೆ ಒಳಗೆ ಸೇರಿಸುತ್ತಿರಲಿಲ್ಲ. ಅವಳ ಮೊಣಕಾಲಿಗೆ ಲಕ್ಕಿ ಸೊಪ್ಪು ಕಾಯಿಸಿ ಕಟ್ಟುವುದು ನಾನು ಹುಟ್ಟುವ ಮೊದಲಿನಿಂದ ನಡೆದಿದೆಯಂತೆ. ಇದರ ಎಲೆಯ ಸಾರ ಇಲಿಗಳ ಪಾದದ ಬಾವು ಇಳಿಸಿದ್ದನ್ನು ಬರೆದ ಪ್ರಬಂಧಗಳೂ ಇವೆ ಎಂದು ಹುಡುಗಿ ಹೇಳಿದಳು. ಅವ್ವ ಇದನ್ನು ಕೇಳಿ ಏನೂ ಖುಷಿಪಡಲಿಲ್ಲ. "ಇಲಿಗಿ ಗೊತ್ತಾಗೋಕಿನ್ನ ಮೊದಲ ನಮಗ ಗೊತ್ತಿತ್ತು" ಅಂದಳು.

ಎಕ್ಕಿಯನ್ನೂ ತರಬೇಕೆಂದು ಅವ್ವನ ಹಟ. ಎಕ್ಕಿ ಎಲೆಗೆ ಔಡಲ ಎಣ್ಣೆ ಸವರಿ, ಬೆಚ್ಚಗೆ ಮಾಡಿ ಬಾವಿಗೆ ಕಟ್ಟುವುದು ನಮ್ಮ ಕಡೆ ಮನೆ ಮನೆಯ ಮಾತು. ಹುಡುಗಿ ಒಪ್ಪಲಿಲ್ಲ. ಎಕ್ಕಿ ಹಾಲು ಕಣ್ಣಿಗೆ ಬಿದ್ದರೆ ಕಣ್ಣೇ ಕೆಟ್ಟೀತು. ಇನ್ನೊಂದು ತಮಾಷೆ ನೋಡಿ: ಇಲಿಗಳಲ್ಲಿ ಬೇಕೆಂದೇ ಬಾವು ಬರಿಸಿ ಔಷಧಿ ಪರೀಕ್ಷಿಸಲು ಇದೇ ಎಕ್ಕಿ ಹಾಲನ್ನು ಬಳಸಿದ್ದಾರೆ. ಅದರ ಮೇಲೆ ಆ ಹಾಲಿನಲ್ಲಿ ಪ್ರೋಟೀನನ್ನು ಕತ್ತರಿಸುವ ಕಿಣ್ವಗಳಿವೆ. ಮೊಟ್ಟೆಯ ಪ್ರೋಟೀನನ್ನೇ ಕತ್ತರಿಸಿ ಹಾಕಿದರೆ ಮಬ್ಬು ಎಲ್ಲಿಂದ ಬರಬೇಕು? ನೀರು ತಿಳಿಯಾಗಿ ಕಂಡು ನಾವು ಚಪ್ಪಾಳೆ ಹೊಡೆಯುತ್ತಿದ್ದೆವು. ಎಕ್ಕಿಯನ್ನು ಬಿಟ್ಟೆವು. ಅದರಿಂದ ತಪ್ಪಿಸಿಕೊಂಡ ಮೋಸ ಬೇರೆ ಬಾಗಿಲಿಂದ ಬಂತು, ಅದನ್ನು ಮುಂದೆ ಹೇಳುತ್ತೇನೆ.

ಈಗ ಪೆಟ್ಟಿಗೆಯ ಕಥೆ.

ಪೆಟ್ಟಿಗೆ ಅಂದರೆ ಮುಕ್ಕಾಲು ಇಂಚಿನ ಬಿಳಿ ಪಿವಿಸಿ ಟೀ. ನಳದ ಕೆಲಸದವರು ಬಳಸುವ, ಇಂಗ್ಲಿಷಿನ T ಆಕಾರದ ಮೂರು ಬಾಯಿಯ ಪೈಪ್ ಜೋಡಣೆ. ನೇರ ಇರುವ ಎರಡು ಬಾಯಲ್ಲಿ ಒಂದು ಕಡೆ ಎಲ್‌ಇಡಿ, ಎದುರು ಕಡೆ ಬೆಳಕು ಹಿಡಿಯುವ ಕಣ್ಣು. ಮೇಲಿನ ಬಾಯಿಂದ ಗಾಜಿನ ಟೆಸ್ಟ್‌ಟ್ಯೂಬ್ ಇಳಿಬಿಟ್ಟರೆ ಅದರ ತಳ ಟೀಯ ಒಳಗೋಡೆಗೆ ಕೂರುತ್ತದೆ. ಬೆಳಕು ತಳದಿಂದ ಹೆಚ್ಚುಕಡಿಮೆ 13 ಮಿಲಿಮೀಟರ್ ಮೇಲೆ ಹಾಯುತ್ತದೆ. ಟ್ಯೂಬಿನ ತಳದ ಗುಂಡುಭಾಗ ದಾಟಿ ಹೋಗುವುದರಿಂದ ಒಳ್ಳೆಯದೇ ಆಯಿತು ಎಂದುಕೊಂಡೆ. ಈ 13 ಮಿಲಿಮೀಟರನ್ನು ನೆನಪಿಡಿ, ನಮ್ಮ ಮರ್ಯಾದೆ ತೆಗೆದದ್ದು ಅದೇ.

ಟ್ಯೂಬ್ 15 ಮಿಲಿಮೀಟರ್, ಟೀಯ ಬಾಯಿ ಅದಕ್ಕಿಂತ ಅಗಲ. ಟ್ಯೂಬ್ ಒಳಗೆ ಓಲಾಡುತ್ತಿತ್ತು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ ಉಂಗುರ ಮಾಡಿ ಸುತ್ತಿದೆ, ಗಟ್ಟಿಯಾಗಿ ಕೂತಿತು. ಗಾಜಿನ ದಪ್ಪ ಎಲ್ಲ ಕಡೆ ಒಂದೇ ಇರುವುದಿಲ್ಲ. ಟ್ಯೂಬ್ ತಿರುಗಿಸಿದರೆ ರೀಡಿಂಗೂ ತಿರುಗುತ್ತದೆ. ಅದಕ್ಕೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದು, ಗೆರೆ ಯಾವಾಗಲೂ ಎಲ್‌ಇಡಿ ಕಡೆಗೇ ಇರಬೇಕು ಎಂದು ಕಟ್ಟಪ್ಪಣೆ ಮಾಡಿದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಓದುವುದಕ್ಕೆ ಒಂದೇ ಟ್ಯೂಬ್ ಇಟ್ಟುಕೊಂಡೆವು. ಬಿಸಿ ಮಾಡುವುದು ಬೇರೆ ಟ್ಯೂಬ್‌ಗಳಲ್ಲಿ, ಓದುವಾಗ ಇದಕ್ಕೆ ಸುರಿಯುವುದು, ಓದಿ ತೊಳೆಯುವುದು.

ಕಣ್ಣಿಗೆ ಮೊದಲು ಎಲ್‌ಡಿಆರ್ ಹಾಕಿದ್ದೆ, ಬೆಳಕು ಬಿದ್ದಂತೆ ರೋಧ ಬದಲಾಗುವ ರೆಸಿಸ್ಟರ್. ಅಂಗಡಿಯಲ್ಲೇ ಬಿದ್ದಿತ್ತು, ಬೀದಿ ದೀಪದ ಸ್ವಿಚ್‌ನಿಂದ ಬಿಚ್ಚಿದ್ದು. ಅದಕ್ಕೆ ಮರೆವಿಲ್ಲ: ಈಗ ಕಂಡ ಬೆಳಕಿನ ಗುಂಗಿನಲ್ಲೇ ಸ್ವಲ್ಪ ಹೊತ್ತು ಇರುತ್ತದೆ. ಬೆಳಕು ಎರಡು ಪಟ್ಟಾದರೆ ರೀಡಿಂಗೂ ಎರಡು ಪಟ್ಟಾಗಬೇಕಲ್ವಾ? ಅದೂ ಇಲ್ಲ. ತೆಗೆದು ಬಿಪಿಡಬ್ಲ್ಯು34 ಎಂಬ ಫೋಟೋಡಯೋಡ್ ಹಾಕಿದೆ. ಇದು ಬೆಳಕಿಗೆ ತಕ್ಕಷ್ಟು ಕರೆಂಟ್ ನಿಯತ್ತಾಗಿ ಕೊಡುತ್ತದೆ. ಉಲ್ಟಾ ಬಯಾಸ್, ಅಂದರೆ ಉಲ್ಟಾ ದಿಕ್ಕಿನ ವೋಲ್ಟೇಜ್ ಕೊಟ್ಟು, ರೆಸಿಸ್ಟರ್ ಮೇಲಿನ ವೋಲ್ಟೇಜ್ ತೆಗೆದುಕೊಂಡೆ. ಅದನ್ನು ಓದುವುದು ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ವೋಲ್ಟೇಜನ್ನು ಅಂಕಿ ಮಾಡುವ ಅದರ ಸ್ವಂತ ಎಡಿಸಿ 10 ಬಿಟ್, ಅಂದರೆ 1024 ಮೆಟ್ಟಿಲು. ದಟ್ಟ ಮಬ್ಬಿನಲ್ಲಿ ಬೆಳಕು ಕಡಿಮೆಯಾದಾಗ ಆ ಮೆಟ್ಟಿಲುಗಳು ಸಾಲುವುದಿಲ್ಲ. ಎಡಿಎಸ್1115 ಎಂಬ 16 ಬಿಟ್ ಬೋರ್ಡ್ ಸೇರಿಸಿದೆ.

ಎಲ್‌ಇಡಿ ಗಿಡ ಬೆಳೆಸುವವರು ಬಳಸುವ ಗಾಢ ಕೆಂಪಿನದು. ಅದೇ 660. ಮಾಮೂಲಿ ಕೆಂಪು ಎಲ್‌ಇಡಿ 620-630ರ ಹತ್ತಿರ ಇರುತ್ತದೆ, ಅದು ಬೇಡ. ಗಾಢ ಕೆಂಪಿನದಕ್ಕೆ ಎಲ್ಎಂ317 ಐಸಿ ಮತ್ತು 120 ಓಮ್ ರೆಸಿಸ್ಟರ್ ಕೊಟ್ಟು ಕರೆಂಟನ್ನು ಸುಮಾರು 10 ಮಿಲಿಆಂಪ್‌ಗೆ ಕಟ್ಟಿಹಾಕಿದೆ. ಕರೆಂಟ್ ಹೋಗಿ ಇನ್ವರ್ಟರ್‌ಗೆ ಬಿದ್ದರೂ ಬೆಳಕು ಅಲುಗಾಡಬಾರದಲ್ಲ. ಆದರೂ ಹಚ್ಚಿದ ಮೊದಲ ಕಾಲು ಗಂಟೆ ರೀಡಿಂಗ್ ಜಾರುತ್ತಲೇ ಇತ್ತು. ಎಲ್‌ಇಡಿ ಬಿಸಿಯಾದಂತೆ ಬೆಳಕು ಇಳಿಯುತ್ತದೆ. ಇದಕ್ಕೆ ಮದ್ದು ಸರ್ಕೀಟಲ್ಲ, ಚಹಾ. ಹಚ್ಚಿ, ಚಹಾ ಕುಡಿದು ಬಂದು ಆಮೇಲೆ ಓದುವುದು.

ಬಿಳಿ ಪಿವಿಸಿ ಬೆಳಕು ತಡೆಯುತ್ತದೆ ಎಂದುಕೊಂಡಿದ್ದೆ. ನಮ್ಮ ಏಪ್ರಿಲ್ ಬಿಸಿಲಿಗೆ ಅದು ಲೆಕ್ಕಕ್ಕೇ ಇಲ್ಲ. ಎಲ್‌ಇಡಿ ಆರಿಸಿದ್ದರೂ ಮೀಟರ್ ಏನೋ ತೋರಿಸುತ್ತಿತ್ತು. ಬಾಗಿಲ ಮುಂದೆ ಯಾರಾದರೂ ಹಾದರೆ ಇಳಿಯುತ್ತಿತ್ತು. ಒಳಗೆ ಮಿರುಗದ ಕಪ್ಪು ಬಣ್ಣ, ಹೊರಗೆ ಎರಡು ಸುತ್ತು ಕಪ್ಪು ಟೇಪ್, ಟ್ಯೂಬಿನ ತಲೆಗೆ ಒಂದು ಕಪ್ಪು ಡಬ್ಬಿ ಮುಚ್ಚಳ. ಆಮೇಲೆ ಕತ್ತಲೆ ಸೊನ್ನೆಗೆ ಬಂತು.

ಬಿಸಿನೀರಿನ ತೊಟ್ಟಿ ಇದಕ್ಕಿಂತ ಜಾಸ್ತಿ ಕಾಡಿತು. ಪರೀಕ್ಷೆಯ ಕ್ರಮ ಹೀಗೆ: 0.2 ಮಿಲಿ ಮೊಟ್ಟೆ ಲೋಳೆ, ಹುಳಿ ಏರಿಳಿಯದಂತೆ ಹಿಡಿದಿಡುವ ಫಾಸ್ಫೇಟ್ ಬಫರ್ 2.8 ಮಿಲಿ, 2 ಮಿಲಿ ಗಿಡದ ಕಷಾಯ. ಮೊದಲು 37 ಡಿಗ್ರಿಯಲ್ಲಿ 15 ನಿಮಿಷ, ಆಮೇಲೆ 70 ಡಿಗ್ರಿಯಲ್ಲಿ 5 ನಿಮಿಷ, ತಣಿಸಿ ಓದುವುದು.

37 ಡಿಗ್ರಿ ಅಂದಾಗ ನಗು ಬಂತು. ಆ ದಿನ ನನ್ನ ಅಂಗಡಿಯೇ 40 ಇತ್ತು. ಬೇರೆ ಊರಿನವರು ನೀರು ಕಾಯಿಸಿ 37ಕ್ಕೆ ತರುತ್ತಾರೆ, ಕಲಬುರಗಿಯಲ್ಲಿ ತಣಿಸಿ ತರಬೇಕು. ಬೋಗುಣಿಗೆ ಹಸಿ ಗೋಣಿಚೀಲ ಸುತ್ತಿ, ಗಡಿಗೆಯ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪ ಹಾಕುತ್ತಾ ಕೂತೆವು. ಯಾವ ಪುಸ್ತಕದಲ್ಲೂ ಈ ಹೆಜ್ಜೆ ಬರೆದಿರಲಾರರು.

70ಕ್ಕೆ ನೀರು ಕಾಯಿಸುವ 1000 ವಾಟ್ ರಾಡ್, ಬಿಸಿ ಅಳೆಯುವ ಡಿಎಸ್18ಬಿ20 ಸೆನ್ಸರ್, ರಾಡನ್ನು ಹಚ್ಚಿ ಆರಿಸಲು ಒಂದು ರಿಲೇ. ಸೆನ್ಸರನ್ನು ಮೊದಲು ಐಸ್ ನೀರಿನಲ್ಲಿ, ಆಮೇಲೆ ಕುದಿಯುವ ನೀರಿನಲ್ಲಿ ಇಟ್ಟು ನೋಡಿದೆ. ನಮ್ಮ ಊರು ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಇಲ್ಲಿ ನೀರು 98.5ರ ಹತ್ತಿರವೇ ಕುದಿಯುತ್ತದೆ. 100 ಬರಲಿಲ್ಲ ಎಂದು ಸೆನ್ಸರನ್ನು ಬೈಯಬೇಡಿ. ರಾಡ್‌ಗೆ ಅರ್ಥಿಂಗ್ ಇರಲೇಬೇಕು, ಅದಕ್ಕೂ ಮೊದಲು, ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ ಇರಲಿ. ಬೋಗುಣಿಗೆ ಕೈ ಹಾಕುವ ಮೊದಲು ಪ್ಲಗ್ ಕಿತ್ತು ಕೈಯಲ್ಲೇ ಹಿಡಿದಿರಿ. ಈ ರಾಡಿನ ಶಾಕಿಗೆ ಎಷ್ಟು ಮನೆ ಕತ್ತಲಾಗಿವೆ ಎಂದು ರಿಪೇರಿಯವರಿಗೆ ಗೊತ್ತು.

ಮೊದಲ ಓಟದಲ್ಲಿ 70ಕ್ಕೆ ರಿಲೇ ಕಟ್ ಆಯಿತು, ನೀರು ತಾನಾಗಿ 75ಕ್ಕೆ ಏರಿತು. ರಾಡ್‌ನ ಒಳಗಿನ ಬಿಸಿ ನಿಲ್ಲಬೇಕಲ್ಲ. ಐದು ಡಿಗ್ರಿ ತಾನೆ, ಏನಾದೀತು ಎಂದೆ. ಹುಡುಗಿ ತಲೆ ಚಚ್ಚಿಕೊಂಡಳು. ಮೊಟ್ಟೆ ಲೋಳೆಯಲ್ಲಿ ಒಂದೇ ಪ್ರೋಟೀನ್ ಇಲ್ಲ. ಓವೋಟ್ರಾನ್ಸ್‌ಫೆರಿನ್ ಎನ್ನುವುದು 60 ದಾಟಿದ ಸ್ವಲ್ಪಕ್ಕೇ ಕೆಡುತ್ತದೆ. ಅರ್ಧಕ್ಕಿಂತ ಜಾಸ್ತಿ ಇರುವ ಓವಾಲ್ಬುಮಿನ್ ಕೆಡಲು 80ರ ಆಚೆ ಹೋಗಬೇಕು. 70 ಅನ್ನುವುದು ಎರಡರ ನಡುವಿನ ಇಳಿಜಾರು. ಅಲ್ಲಿ ಒಂದೆರಡು ಡಿಗ್ರಿ ಜಾರಿದರೂ ಮಬ್ಬು ಬದಲಾಗುತ್ತದೆ. 66ಕ್ಕೆ ಬಂದ ಮೇಲೆ ರಾಡನ್ನು ಎರಡು ಸೆಕೆಂಡ್ ಹಚ್ಚಿ ಎಂಟು ಸೆಕೆಂಡ್ ಆರಿಸುವಂತೆ ಪ್ರೋಗ್ರಾಮ್ ತಿದ್ದಿದೆ. ಮೀನಿನ ತೊಟ್ಟಿಯ ಗಾಳಿ ಪಂಪಿನಿಂದ ಬರೀ ನಳಿಗೆ ಇಳಿಸಿ ಗುಳ್ಳೆ ಬಿಟ್ಟೆ, ನೀರು ತಾನೇ ಕಲಕಿತು. 70, ಅರ್ಧ ಡಿಗ್ರಿ ಅತ್ತ, ಅರ್ಧ ಡಿಗ್ರಿ ಇತ್ತ. ಕೂಲರ್ ಗಿರಾಕಿಯೊಬ್ಬ ಇದನ್ನು ನೋಡಿ "ಮೀನಾ ಬೇಯಿಸ್ಲತ್ತೀರಿ?" ಎಂದು ಕೇಳಿ ಹೋದ.

ಬಫರ್ ಅವಳ ಕೆಲಸ. ಒಂದೇ ಸಾಂದ್ರತೆಯ ಮೊನೋಸೋಡಿಯಂ ಫಾಸ್ಫೇಟ್ ಮುಕ್ಕಾಲು ಪಾಲು, ಡೈಸೋಡಿಯಂ ಫಾಸ್ಫೇಟ್ ಕಾಲು ಪಾಲು ಸೇರಿಸಿದರೆ ಹುಳಿಯ ಅಳತೆ, ಅಂದರೆ ಪಿಎಚ್, 6.4ರ ಹತ್ತಿರ ಬರುತ್ತದೆ. ಬಫರ್ ಯಾಕೆ ಬೇಕು ಅಂದರೆ, ಗಿಡದ ಕಷಾಯ ಹುಳಿಯಾಗಿದ್ದರೆ ಓವಾಲ್ಬುಮಿನ್ ತನಗೆ ಒಗ್ಗದ 4.5ರ ಕಡೆಗೆ ಜಾರಿ ಸುಮ್ಮನೇ ಅಂಟಿಕೊಳ್ಳುತ್ತದೆ. ಅದು ಹುಳಿಯ ಆಟ, ಗಿಡದ ಗುಣ ಅಲ್ಲ.

ಎಲೆಗಳನ್ನು ನೆರಳಿನಲ್ಲಿ ಒಣಗಿಸಿದೆವು. ಮೂರೇ ದಿನ ಸಾಕಾಯಿತು. ಮಿಕ್ಸಿಯಲ್ಲಿ ಪುಡಿ ಮಾಡಿ, 10 ಗ್ರಾಂ ಪುಡಿಗೆ 100 ಮಿಲಿ ನೀರು ಹಾಕಿ ಬಿಸಿ ಮಾಡಿ ಸೋಸಿದೆವು. ಸರ್ಕೀಟ್ ಬೋರ್ಡ್ ತೊಳೆಯುವ ಐಸೋಪ್ರೊಪೈಲ್ ಆಲ್ಕೋಹಾಲ್ ನನ್ನ ಹತ್ತಿರ ಇತ್ತು, ಅದರಲ್ಲೂ ಒಂದು ಸಲ ನೆನೆಸಿ ನೋಡಿದೆ. ಕಡು ಹಸಿರು ರಸ ಬಂತು, ನೋಡಲು ಬಲು ಚೆಂದ. ಕೆಲಸಕ್ಕೆ ಬಾರದು. ಎಲೆಹಸಿರು ಬೆಳಕು ನುಂಗುವುದೇ 660ರ ಆಸುಪಾಸಿನಲ್ಲಿ. ನಾವು ಮಬ್ಬು ಅಳೆಯಲು ಹೋಗಿ ಹಸಿರು ಅಳೆಯುತ್ತಿದ್ದೆವು. ಇನ್ನು ಆಲ್ಕೋಹಾಲ್ ಪೂರ್ತಿ ಹಾರದೆ ಉಳಿದರೆ ಅದೇ ಮೊಟ್ಟೆಯನ್ನು ಕೆಡಿಸುತ್ತದೆ. ನೀರಿನ ಕಷಾಯಕ್ಕೇ ಅಂಟಿಕೊಂಡೆವು.

ಯಾವ ಕಷಾಯ ಎಷ್ಟು ಗಟ್ಟಿ ಎಂದು ತಿಳಿಯದೆ ಹೋಲಿಸುವ ಹಾಗಿಲ್ಲ. 10 ಮಿಲಿಯನ್ನು ತೂಕ ಮಾಡಿದ ಸ್ಟೀಲ್ ತಟ್ಟೆಯಲ್ಲಿ ಒಣಗಿಸಿ, ಬಂಗಾರ ತೂಗುವ ತಕ್ಕಡಿಯಲ್ಲಿ ತೂಗಿದೆವು. ಲಕ್ಕಿಯಲ್ಲಿ 0.18 ಗ್ರಾಂ ಉಳಿಯಿತು, ಅಂದರೆ ಮಿಲಿಗೆ 18 ಮಿಲಿಗ್ರಾಂ. ಎಲ್ಲವನ್ನೂ ಮಿಲಿಗೆ 1 ಮಿಲಿಗ್ರಾಂ ಆಗುವಂತೆ ತೆಳ್ಳಗೆ ಮಾಡಿದೆವು. ಹೋಲಿಕೆಗೆ ಅವ್ವನಿಗೆ ಡಾಕ್ಟರ್ ಬರೆದುಕೊಟ್ಟಿದ್ದ ಡೈಕ್ಲೋಫೆನಾಕ್ 50 ಮಿಲಿಗ್ರಾಂ ಗುಳಿಗೆ. ಅದರ ಮೇಲೊಂದು ಪದರ ಇರುತ್ತದೆ, ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗಲಿ ಎಂದು. ಅದನ್ನು ಕೆರೆದು, ಪುಡಿ ಮಾಡಿ, 50 ಮಿಲಿ ಬಫರಿನಲ್ಲಿ ಕಲಸಿ ಸೋಸಬೇಕು. ಉಳಿದದ್ದನ್ನು ಹೊರಗೆ ಚೆಲ್ಲಬೇಡ ಎಂದಳು ಹುಡುಗಿ. ಈ ಔಷಧಿ ಕೊಟ್ಟ ದನದ ಹೆಣ ತಿಂದು ರಣಹದ್ದುಗಳು ಸತ್ತ ಮೇಲೆ, 2006ರಲ್ಲಿ ಅದನ್ನು ದನಕ್ಕೆ ಕೊಡುವುದನ್ನೇ ದೇಶದಲ್ಲಿ ನಿಲ್ಲಿಸಿದರು.

ಮೊಟ್ಟೆಯದು ಬೇರೆಯೇ ಪೇಚಾಟ. ಅವ್ವ ಅದನ್ನು ಅಡುಗೆಮನೆಯ ಹೊಸ್ತಿಲು ದಾಟಿಸುವುದಿಲ್ಲ. "ಲಕ್ಕಿ ಸೊಪ್ಪು ಮನ್ಯಾಗ ಮಾಡ್ರಿ, ತತ್ತಿ ಅಂಗಡ್ಯಾಗ ಇಟ್ಕೋರಿ" ಎಂದು ತೀರ್ಪು ಕೊಟ್ಟಳು. ಲೋಳೆಯನ್ನು ತೆಳು ಬಟ್ಟೆಯಲ್ಲಿ ಸೋಸಿ, ಸೂಜಿ ತೆಗೆದ 1 ಮಿಲಿ ಸಿರಿಂಜಿನಲ್ಲಿ ಎಳೆದುಕೊಂಡೆವು. ಸೋಸದಿದ್ದರೆ ಲೋಳೆ ಗಂಟು ಗಂಟಾಗಿ ಬರುತ್ತದೆ, 0.2 ಅನ್ನುವುದು ಬಾಯಿಮಾತಾಗುತ್ತದೆ.

ಮೊದಲ ಪೂರಾ ಓಟ ಏಪ್ರಿಲ್ ಮೂರನೇ ವಾರದಲ್ಲಿ. ತಿಳಿ ಬಫರಿನಲ್ಲಿ ಮೀಟರ್ 2.40 ವೋಲ್ಟ್. ಬರೀ ಮೊಟ್ಟೆ ಮತ್ತು ನೀರು ಹಾಕಿ ಬೇಯಿಸಿದ ಟ್ಯೂಬ್ 0.60. ಬೆಳಕು ನಾಲ್ಕನೇ ಒಂದು ಪಾಲಿಗೆ ಇಳಿಯಿತು. 2.40 ಅನ್ನು 0.60ರಿಂದ ಭಾಗಿಸಿ ಲಾಗ್ ತೆಗೆದರೆ ಮಬ್ಬು ಕೂಡ 0.60. ಗಿಡದ ಟ್ಯೂಬಿನ ಮಬ್ಬನ್ನು ಇದರಿಂದ ಭಾಗಿಸಿ ಒಂದರಲ್ಲಿ ಕಳೆದರೆ, ಎಷ್ಟು ತಡೆಯಿತು ಎಂಬ ಶೇಕಡಾ ಬರುತ್ತದೆ.

ಡೈಕ್ಲೋಫೆನಾಕ್ 1.55 ವೋಲ್ಟ್, ಶೇ. 68. ಲಕ್ಕಿ 0.85, ಶೇ. 25. ನೆಗ್ಗಿಲು ಓದಲೇ ಆಗಲಿಲ್ಲ, ಅದರಲ್ಲಿ ಸಾಬೂನಿನಂತೆ ನೊರೆ ಬರಿಸುವ ಸಪೋನಿನ್ ಇದೆ, ಸುರಿದ ತಕ್ಷಣ ಗುಳ್ಳೆ. ತಂಗಡಿ 2.05 ವೋಲ್ಟ್, ಶೇ. 89.

ಹುಡುಗಿ ಮತ್ತೊಮ್ಮೆ ಓದು ಅಂದಳು. ಓದಿದೆ, 2.08. ಇನ್ನೂ ಮೇಲೆ. ಡಾಕ್ಟರ ಗುಳಿಗೆಯನ್ನು ಖಣಿಯ ಗಿಡ ಸೋಲಿಸಿತ್ತು. ಅವಳು ಆಗಲೇ ಯಾರಿಗೋ ಫೋನ್ ಹಚ್ಚಿದಳು. ನಾನು ಜಿಲೇಬಿ ತರಲು ಹೊರಟಿದ್ದೆ.

ರಿಪೇರಿ ಕೆಲಸದಲ್ಲಿ ಒಂದು ಅಭ್ಯಾಸ ಬಿದ್ದಿದೆ. ಏನಾದರೂ ತಾನಾಗಿ ಸರಿಹೋದರೆ ನನಗೆ ನಂಬಿಕೆ ಬರುವುದಿಲ್ಲ. ಮೊದಲ ಸಲ 2.05, ಎರಡು ನಿಮಿಷ ಬಿಟ್ಟು 2.08. ಯಾಕೆ ಏರಬೇಕು? ಬೆಂದ ಮೊಟ್ಟೆ ತಾನಾಗಿ ಹಸಿಯಾಗುತ್ತದೆಯೇ? ಕಪ್ಪು ಮುಚ್ಚಳ ತೆಗೆದು ಟ್ಯೂಬ್ ಮೇಲೆತ್ತಿ ಬೆಳಕಿಗೆ ಹಿಡಿದೆ. ಮೇಲೆ ನೀರು ತಿಳಿಯಾಗಿತ್ತು. ತಳದಲ್ಲಿ ಒಡೆದ ಹಾಲಿನಂಥ ಗಷ್ಟು, ಅರ್ಧ ಬೆರಳು ದಪ್ಪ ಕೂತಿತ್ತು. ನನ್ನ ಬೆಳಕು ತಳದಿಂದ 13 ಮಿಲಿಮೀಟರ್ ಮೇಲೆ, ಗಷ್ಟಿನ ತಲೆಯ ಮೇಲಿಂದ ಆರಾಮಾಗಿ ಹಾದು ಹೋಗುತ್ತಿತ್ತು. ತಂಗಡಿ ಪ್ರೋಟೀನನ್ನು ಕಾಯ್ದಿರಲಿಲ್ಲ. ಎಲ್ಲರಿಗಿಂತ ಜಾಸ್ತಿ ಗಂಟು ಕಟ್ಟಿಸಿ, ಕೆಳಗೆ ಮಲಗಿಸಿತ್ತು.

ಹುಡುಗಿ ಫೋನ್ ಕೆಳಗಿಟ್ಟಳು. ಜಿಲೇಬಿ ತರಲಿಲ್ಲ.

ಟ್ಯೂಬಿಗೆ ಬೆರಳು ಮುಚ್ಚಿ ಐದು ಸಲ ಮೇಲೆಕೆಳಗೆ ಮಾಡಿ ಓದಿದೆ. 0.48. ಬರೀ ಮೊಟ್ಟೆಗಿಂತ ಹೆಚ್ಚು ಮಬ್ಬು. ಶೇ. 89 ಇದ್ದದ್ದು ಸೊನ್ನೆಗಿಂತ 16 ಕೆಳಗೆ ಹೋಯಿತು.

ಯಾಕೆ ಅನ್ನುವುದು ಹೊಳೆಯಲು ಆ ರಾತ್ರಿಯೆಲ್ಲ ಬೇಕಾಯಿತು. ಹೊಳೆಯಿಸಿದ್ದು ಅವ್ವ. "ತಂಗಡಿ ತೊಗಟ್ಯಾಗ ಚರ್ಮ ಹದ ಮಾಡ್ತಿದ್ರು, ಗೊತ್ತಿಲ್ಲೇನು?" ಎಂದಳು. ಹದ ಮಾಡುವುದು ಅಂದರೆ ಏನು? ತೊಗಟೆಯ ಟ್ಯಾನಿನ್ ಚರ್ಮದ ಪ್ರೋಟೀನಿಗೆ ಅಂಟಿ ಅದನ್ನು ಗಟ್ಟಿ ಮಾಡುವುದು. ನಾವು ಅದೇ ಟ್ಯಾನಿನ್ನನ್ನು ಮೊಟ್ಟೆಯ ಪ್ರೋಟೀನಿಗೆ ಸುರಿದಿದ್ದೆವು. ಮೊಟ್ಟೆಯನ್ನು ಹದ ಮಾಡಿದ್ದೆವು, ಅಷ್ಟೆ.

ಎಲೆಯಲ್ಲೂ ಟ್ಯಾನಿನ್ ಇದೆಯೋ ಎಂದು ನೋಡಲು ಅಂಗಡಿಯಲ್ಲೇ ಮದ್ದಿತ್ತು. ಸರ್ಕೀಟ್ ಬೋರ್ಡಿನ ತಾಮ್ರ ಕೊರೆಯುವ ಫೆರಿಕ್ ಕ್ಲೋರೈಡ್. ಫಾರ್ಮಸಿಯವರ ಟ್ಯಾನಿನ್ ಪರೀಕ್ಷೆಯ ಬಾಟಲಿಯಲ್ಲಿ ಇರುವುದೂ ಅದೇ ಎಂದು ಹುಡುಗಿ ಹೇಳಿದಾಗ ನನಗೆ ಸ್ವಲ್ಪ ಜಂಬವೂ ಬಂತು. ತುಂಬಾ ತೆಳ್ಳಗೆ ಮಾಡಿ ತಂಗಡಿ ಕಷಾಯಕ್ಕೆ ಎರಡು ಹನಿ ಬಿಟ್ಟೆವು. ಹಸಿರುಗಪ್ಪು ಶಾಯಿ ಹರಡಿದಂತಾಯಿತು. ಲಕ್ಕಿಯಲ್ಲಿ ಬಣ್ಣ ಸ್ವಲ್ಪ ಮಾತ್ರ ತಿರುಗಿತು. ಕೊನೆಗೆ ಬಿಸಿಯನ್ನೇ ಮಾಡದೆ, ಹಸಿ ಮೊಟ್ಟೆ ಲೋಳೆಗೆ ತಂಗಡಿ ಹಾಕಿ ಓದಿದೆ: 0.95. ಬೆಂಕಿ ತೋರಿಸುವ ಮೊದಲೇ ಅರ್ಧಕ್ಕಿಂತ ಜಾಸ್ತಿ ಬೆಳಕು ಹೋಗಿತ್ತು.

ಅಂಗಡಿಗೆ ಬಂದ ಇನ್ವರ್ಟರಿನ ಔಟ್‌ಪುಟ್ ಅಳೆಯುವ ಮೊದಲು ಇನ್‌ಪುಟ್ ಅಳೆಯುವವನು ನಾನು. ಇಲ್ಲಿ ಅದನ್ನು ಮರೆತಿದ್ದೆ. ಈಗ ಪ್ರತಿ ಗಿಡಕ್ಕೂ ಮೂರು ಓದು. ಬಿಸಿಗೆ ಮೊದಲು ಒಂದು. ಬಿಸಿಯಾದ ಮೇಲೆ, ಐದು ಸಲ ಮಗುಚಿ, ಅರ್ಧ ನಿಮಿಷದೊಳಗೆ ಒಂದು. ಮೊಟ್ಟೆಯೇ ಇಲ್ಲದೆ ಬರೀ ಕಷಾಯ ಮತ್ತು ಬಫರ್, ಅದೊಂದು. ಕೊನೆಯದು ಗಿಡದ ಸ್ವಂತ ಬಣ್ಣವನ್ನು ಲೆಕ್ಕದಿಂದ ಕಳೆಯಲು.

ಬಣ್ಣದ ಓದಿನಿಂದ ಲಕ್ಕಿಗೆ ನ್ಯಾಯ ಸಿಕ್ಕಿತು. ಅದರ ಕಂದು ಬಣ್ಣವೇ 2.40 ಅನ್ನು 2.10ಕ್ಕೆ ಇಳಿಸುತ್ತಿತ್ತು. ನಾವು ಅದನ್ನೂ ಮಬ್ಬಿನ ಖಾತೆಗೆ ಬರೆದಿದ್ದೆವು. ಕಳೆದು ನೋಡಿದರೆ 25 ಇದ್ದದ್ದು 35 ಆಯಿತು. ಬಿಸಿಗೆ ಮೊದಲು ಅದು ಮೊಟ್ಟೆಯನ್ನು ಮಬ್ಬು ಮಾಡುವುದಿಲ್ಲ, ತಳದಲ್ಲಿ ಗಷ್ಟೂ ಇಲ್ಲ. ಮೂರು ಬೇರೆ ಮೊಟ್ಟೆಗಳಲ್ಲಿ ಮಾಡಿದೆವು. ಅಂಕಿ ಅತ್ತಿತ್ತ ಅಲುಗಾಡಿತು, ಡೈಕ್ಲೋಫೆನಾಕ್ ಪ್ರತಿ ಸಲವೂ ಮುಂದೆ, ಲಕ್ಕಿ ಪ್ರತಿ ಸಲವೂ ಅದರ ಹಿಂದೆ. ಇಷ್ಟನ್ನು ಅವಳು ಧೈರ್ಯವಾಗಿ ಬರೆಯಬಹುದು.

ನೆಗ್ಗಿಲಿನ ನೊರೆಗೆ ಉಪಾಯ ಸುಲಭ. ಟ್ಯೂಬಿನ ಗೋಡೆಗೆ ತಾಗಿಸಿ ನಿಧಾನ ಸುರಿಯುವುದು, ಮಗುಚುವಾಗ ಕುಲುಕದಿರುವುದು. ಆದರೂ ಮೂರು ಓದು ಮೂರು ದಿಕ್ಕಿಗೆ. ಅದನ್ನು ಪಟ್ಟಿಯಿಂದ ಕೈಬಿಟ್ಟೆವು. ತಂಗಡಿಯನ್ನು ಮಾತ್ರ ಬಿಡಬೇಡ ಎಂದು ನಾನೇ ಹೇಳಿದೆ. ಶೇ. 89ರ ಕಥೆ, ಗಷ್ಟಿನ ಫೋಟೋ, ಬಿಸಿಗೆ ಮೊದಲಿನ ಓದು, ಎಲ್ಲ ಬರೆ ಎಂದೆ. ಅವಳಿಗೆ ಮೊದಲು ಮುಜುಗರ. ಆಮೇಲೆ ಅವಳ ಗೈಡ್ ಮೇಡಂ ಆ ಪುಟವನ್ನೇ ಎರಡು ಸಲ ಓದಿದರಂತೆ.

ಅವ್ವನಿಗೆ ಫಲಿತಾಂಶ ಹೇಳಿದೆವು. ಲಕ್ಕಿಗೆ ನೂರಕ್ಕೆ 35, ಅದೂ ಮೊಟ್ಟೆಯ ಪರೀಕ್ಷೆಯಲ್ಲಿ ಮಾತ್ರ, ಮೊಣಕಾಲಿನದ್ದು ಬೇರೆ ಮಾತು ಎಂದು ಹುಡುಗಿ ಬಿಡಿಸಿ ಬಿಡಿಸಿ ಹೇಳಿದಳು.

"ಮೂವತ್ತೈದು ಬಂತಂದ್ರ ಪಾಸ್ ಅಲ್ಲೇನು?" ಎಂದು ಅವ್ವ ಸೊಪ್ಪು ಕಾಯಿಸಲು ಎದ್ದು ಹೋದಳು.

ಕಾಲೇಜಿಗೆ ಲ್ಯಾಂಪ್ ಬಂದಿದೆಯಂತೆ. ಮುಂದಿನ ವಾರ ಒಂದೇ ಬ್ಯಾಚಿನ ಟ್ಯೂಬ್‌ಗಳನ್ನು ಅಲ್ಲಿಯೂ ಇಲ್ಲಿಯೂ ಓದಿ ಹೋಲಿಸಬೇಕು. ಅಷ್ಟರೊಳಗೆ ಟೀಯ ಕೆಳಗೆ ಇನ್ನೊಂದು ತೂತು ಕೊರೆದು, ತಳವನ್ನೇ ನೋಡುವ ಎರಡನೇ ಕಣ್ಣು ಕೂರಿಸುತ್ತಿದ್ದೇನೆ. ಬಿಪಿಡಬ್ಲ್ಯು34 ಒಂದು ಉಳಿದಿದೆ. ಮೂರು ಕೂಲರ್ ಮೋಟಾರುಗಳೂ ಉಳಿದಿವೆ, ಗಿರಾಕಿಗಳು ದಿನಾ ಫೋನ್ ಮಾಡುತ್ತಿದ್ದಾರೆ.